ಪಗ್‌ನ ಉಸಿರು

ಹಾಳುಬಾವಿಯ ದಾರಿಯಲ್ಲಿ ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು ಇದು. ಮೆಲ್ಲಗೆ ಹೇಳುತ್ತೇನೆ... ಹೊರಗಿನ ನಾಯಿಗೆ ಎಚ್ಚರವಾಗುವುದು ಬೇಡ.

ಅವನಿಗೆ ನಾಯಿಗಳ ಕೂದಲು ಕತ್ತರಿಸುವ ಕೆಲಸ. ಕರೆಯುವುದೂ ಕತ್ತರಿ ಅಂತಲೇ. ಪೂಡಲ್‌ನ ಗುಂಗುರು, ಲ್ಯಾಬ್ರಡಾರ್‌ನ ಒಳಗೂದಲು, ಯಾವ ತಳಿಯ ಮೈ ಹೇಗೆ ಎಂಬುದೆಲ್ಲ ಬಾಯಿಪಾಠ. ಮೀಸಿದ ಮೇಲೆ ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಕೂರಿಸಿ ಒಣಗಿಸುತ್ತಾರೆ. ಚಪ್ಪಟೆ ಮೂಗಿನ ಪಗ್ ಅನ್ನು ಮಾತ್ರ ಕೂರಿಸಬಾರದು. ಅದಕ್ಕೆ ಉಸಿರು ಸಾಲದು. ಗೊತ್ತಿದ್ದವನೇ, ಗಿರಾಕಿಗಳ ಗಡಿಬಿಡಿಯಲ್ಲಿ, ಟೀಚರಮ್ಮನ ಪಗ್ ಗುಂಡನನ್ನು ಕೂಡಿಹಾಕಿ ಮರೆತ.

ಬಾಗಿಲು ತೆಗೆದಾಗ... ಮುಗಿದಿತ್ತು.

ಬಾವಿಯ ಪಕ್ಕ ಹೂತ. "ತಪ್ಪಿಸಿಕೊಂಡು ಓಡಿಹೋಯ್ತು" ಅಂದುಬಿಟ್ಟ. ಒಂಟಿ ಜೀವ ಟೀಚರಮ್ಮ, ನಂಬಿದರು. ಅಂದಿನಿಂದ ಅವರ ಗೇಟು ರಾತ್ರಿಯೆಲ್ಲ ತೆರೆದೇ ಇರುತ್ತಿತ್ತು.

ಒಂದು ರಾತ್ರಿ ಅಂಗಡಿ ಮುಚ್ಚಿ ಬಾವಿ ದಾಟುತ್ತಿದ್ದಾನೆ... ಹಿಂದೆ ಸದ್ದು. ಗೊರ್... ಸುಂಯ್... ಗೊರ್... ಸುಂಯ್... ಕಟ್ಟಿದ ಮೂಗಿನಲ್ಲಿ ಗಾಳಿ ಎಳೆದ ಹಾಗೆ. ಜೊತೆಗೆ ಉಗುರಿನ ಟಿಕ್, ಟಿಕ್. ತಿರುಗಿದ. ಖಾಲಿ ರಸ್ತೆ. ಓಡಿದ. ಸದ್ದೂ ಓಡಿತು.

ಗೇಟಿನಲ್ಲಿ ಟೀಚರಮ್ಮ ನಿಂತಿದ್ದರು.

"ಏನೋ ಕತ್ತರಿ, ದೆವ್ವ ಅಟ್ಟಿಸಿಕೊಂಡು ಬಂದ ಹಾಗೆ ಓಡ್ತೀಯ?" ಅಂದವರು ಥಟ್ಟನೆ ಕಿವಿಗೊಟ್ಟರು. ದನಿ ಇಳಿಯಿತು. "ಅದೇ ಉಸಿರು... ನಮ್ಮ ಗುಂಡನದು."

ಅವನು ಮತ್ತೆ ತಿರುಗಿ ನೋಡಿದ.

"ನಿನ್ನ ಹಿಂದೇನೇ ನಿಂತಿದೆ. ಗೇಟು ತೆಗೆದಿಟ್ಟವಳು ನಾನು... ನನ್ನ ಹತ್ತಿರ ಯಾಕಪ್ಪಾ ಬರ್ತಿಲ್ಲ?"

ಕತ್ತರಿ ಬಾಯಿಬಿಟ್ಟ. ಪೆಟ್ಟಿಗೆಯ ವಿಷಯ ಹೇಳಿದ. ಬೈಯಲಿಲ್ಲ ಅವರು. ಗೇಟು ಹಾಕಿಕೊಂಡರು. ಚಿಲಕ ಕಟಕ್ ಅಂತು.

ಗೊರ್... ಸುಂಯ್... ಮನೆಯವರೆಗೂ ಬಂತು.

ಮನೆಯಲ್ಲಿ ಅವನದೊಂದು ಬೀದಿನಾಯಿ, ಕೆಂಚ. ಬೇರೆ ನಾಯಿಯ ವಾಸನೆ ಸುಳಿದರೂ ಊರನ್ನೇ ಒಂದು ಮಾಡುವ ಪ್ರಾಣಿ. ಆ ರಾತ್ರಿ ಬೊಗಳಲಿಲ್ಲ. ಅವನ ಹಿಮ್ಮಡಿಯ ಹಿಂದೆ ಏನನ್ನೋ ಮೂಸಿತು... ಬಾಲ ಆಡಿಸಿತು... ತನ್ನ ಗೋಣಿಚೀಲದ ಮೇಲೆ ಒಂದು ಪಕ್ಕಕ್ಕೆ ಸರಿದು ಮಲಗಿತು.

ಈಗಲೂ ಹಾಗೇ ಮಲಗುತ್ತದೆ. ಕಟ್ಟುಕತೆ ಅನ್ನಬೇಡಿ. ಹೋದ ವಾರ ಅಲ್ಲೇ ಉಳಿದಿದ್ದೆ. ಗೋಣಿಯ ಖಾಲಿ ಅರ್ಧಕ್ಕೆ ನಾನೇ ಕೈಯಿಟ್ಟು ನೋಡಿದ್ದೇನೆ.

ಬೆಚ್ಚಗಿತ್ತು.