ಬಾಗಿಲು ತೆಗೆಸದ ಅಜ್ಜಿಯ ಪರವಾಗಿ

ಪೇಟೆಯಲ್ಲಿ ಎಲ್ಲರೂ ಬೀಗದಣ್ಣ ಎಂದು ಕರೆಯುವ ನಾನು, ವಯಸ್ಸು ಐವತ್ತೊಂದು, ಕಸುಬು ಬೀಗ ರಿಪೇರಿ, ವಾಸ ಅಂಗಡಿಯ ಮೇಲಿನ ಕೋಣೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ಇಂದು ಬೆಳಿಗ್ಗೆ ಹತ್ತೂಕಾಲರ ಸುಮಾರಿಗೆ ಕಂಡಕ್ಟರಮ್ಮ ಅಂಗಡಿಗೆ ಬಂದರು. ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಮಗ ಸೊಸೆ ಬೇರೆಯಾದ ಮೇಲೆ ಮೊಮ್ಮಗಳ ಮುಖ ನೋಡಲು ಕೋರ್ಟು ಅಲೆದು, ತಿಂಗಳಿಗೊಂದು ಶನಿವಾರ ಹತ್ತರಿಂದ ಹನ್ನೆರಡರವರೆಗೆ ಸೊಸೆಯ ಮನೆಯಲ್ಲೇ ಭೇಟಿಗೆ ಆದೇಶ ಪಡೆದವರು. ಮನೆಗೆ ಹೊರಗಿನಿಂದ ಬೀಗ ಬಿದ್ದಿದೆ, ಒಳಗೆ ಮಗು ಒಂದೇ ಇದೆ, ಸೊಸೆ ಫೋನ್ ಎತ್ತುತ್ತಿಲ್ಲ, ಬೇಗ ಬನ್ನಿ ಎಂದರು.

ಜೊತೆಗೆ ಹೋಗಿ ನಾನು ಬೀಗಕ್ಕೆ ಕೈ ಹಾಕುತ್ತಿದ್ದಂತೆ ಆರು ವರ್ಷದ ಮಗು ಕಿಟಕಿಗೆ ಬಂದು, "ಅಜ್ಜಿ, ಯಾರ್ ಬಂದ್ರೂ ಬಾಗಿಲು ತೆಗೀಬಾರ್ದು ಅಂದಿದ್ದಾಳೆ ಅಮ್ಮ" ಎಂದಿತು. ಮಗು ಹೆದರಿರಲಿಲ್ಲ. ಕಂಡಕ್ಟರಮ್ಮ ನನ್ನ ಕೈ ಹಿಡಿದರು. "ಬೇಡ ಬಿಡಪ್ಪ. ಅಮ್ಮನ ಮಾತು ಮೀರೋದನ್ನ ನಾನೇ ಕಲಿಸ್ಲಾ?" ಮಗು ಅತ್ತರೆ ಬೇಕಾದೀತೆಂದು ನಾನು ಸಲಕರಣೆ ಹಿಡಿದು ಅಲ್ಲೇ ನಿಂತೆ.

ಅವರು ಕಿಟಕಿಯ ಕಂಬಿಯೊಳಗೆ ಕೈ ಚಾಚಿ, "ರೈಟ್, ರೈಟ್! ಒಳಗ್ ಹೋಗಿ, ಬಾಗಿಲಲ್ಲಿ ನಿಲ್ಬೇಡಿ!" ಎಂದು ಆಟದ ಬಸ್ಸು ಹೊರಡಿಸಿದರು. ಕರಡಿ ಗೊಂಬೆಗೆ ಅರ್ಧ ಟಿಕೆಟ್ಟೋ ಪೂರ್ತಿಯೋ ಎಂದು ಅಜ್ಜಿ ಮೊಮ್ಮಗಳಿಗೆ ಜಗಳವೇ ಆಯಿತು. ನನಗೂ ನಗು ತಡೆಯಲಾಗಲಿಲ್ಲ.

ಪಕ್ಕದ ಮನೆಯವರು ಮೊಬೈಲ್ ಹಿಡಿದು ಬಂದು, ಬೀಗದ ಫೋಟೋ ಕೋರ್ಟಿಗೆ ತೋರಿಸಿದರೆ ಮಗು ನಿಮ್ಮದೇ ಎಂದರು. ಕಂಡಕ್ಟರಮ್ಮ ಮೊಬೈಲಿಗೆ ಅಂಗೈ ಅಡ್ಡ ಹಿಡಿದರು. "ನಾನು ಕೇಳಿದ್ದು ಮಗೂನ ನೋಡೋಕೆ, ಅಮ್ಮನಿಂದ ಕಿತ್ಕೊಳ್ಳೋಕಲ್ಲ. ಪಾಪ, ಒಬ್ಬಳೇ ದುಡಿದು ಸಾಕ್ತಿದ್ದಾಳೆ."

ಹನ್ನೆರಡು ಹೊಡೆಯುವ ಹೊತ್ತಿಗೆ ಸೊಸೆ ಬೇಕರಿ ಕೆಲಸದ ಏಪ್ರನ್ ಕೂಡ ಬಿಚ್ಚದೆ ಓಡಿ ಬಂದರು. ನನ್ನ ಕೈಯ ಸಲಕರಣೆ ಕಂಡು, ಮಗುವನ್ನು ಎತ್ತಿಕೊಂಡು ಹೋಗಲು ಬೀಗ ಒಡೆಸುತ್ತಿದ್ದಾರೆಂದು ಕೂಗಾಡಿ ಪೊಲೀಸರಿಗೆ ಫೋನ್ ಮಾಡಿದರು. ಪೇದೆಯವರು ಬಂದಾಗ ಕಂಡಕ್ಟರಮ್ಮ, ಬೀಗದವನನ್ನು ಕರೆದದ್ದು ನಾನೇ, ಅವನದೇನೂ ತಪ್ಪಿಲ್ಲ ಎಂದಷ್ಟೇ ಹೇಳಿ ಜೀಪು ಹತ್ತಿದರು. ಮಗು ಒಂಟಿಯಾಗಿದ್ದ ಮಾತೇ ಎತ್ತಲಿಲ್ಲ.

ನಾನು ಸೊಸೆಗೆ ನಡೆದದ್ದೆಲ್ಲ ಹೇಳಿದೆ. ಅವರು ಬೀಗ ತೆಗೆದು ಹೊಸ್ತಿಲ ಮೇಲೆ ಕುಳಿತರು. ಮುಂದಿನ ಪಾಳಿಯವಳು ತಡವಾಗಿ ಬಂದಳಂತೆ, ಒಲೆ ಬಿಟ್ಟು ಬರುವಂತಿರಲಿಲ್ಲವಂತೆ. "ಅತ್ತೆ ನನ್ನ ಏನೂ ಬೈಲಿಲ್ವಾ?" ಎಂದು ಎರಡೆರಡು ಸಲ ಕೇಳಿದರು. ಇಲ್ಲವೆಂದೆ. "ಮಗೂನ ಒಂಟಿಯಾಗಿ ಬಿಟ್ಟಿದ್ದನ್ನೂ ಬರೆಸಿ ಅಣ್ಣಾ, ಮುಚ್ಚಿಡ್ಬೇಡಿ" ಎಂದು ಅವರೇ ಮಗುವನ್ನು ಎತ್ತಿಕೊಂಡು ನನ್ನ ಜೊತೆ ಬಂದಿದ್ದಾರೆ.

ಈಗ ಠಾಣೆಯ ಬೆಂಚಿನ ಮೇಲೆ ಮಗು ಮಲಗಿದೆ. ತಲೆ ಅಜ್ಜಿಯ ಮಡಿಲಲ್ಲಿ, ಕಾಲು ಅಮ್ಮನ ಮಡಿಲಲ್ಲಿ. ಭೇಟಿಯ ಸಮಯ ಮುಗಿದು ಬಹಳ ಹೊತ್ತಾಗಿದೆ. ಇಬ್ಬರೂ ಏಳುತ್ತಿಲ್ಲ.

ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಇಷ್ಟು. ಓದಿಸಿ ಕೇಳಿ, ಒಂದಕ್ಷರವೂ ಹೆಚ್ಚುಕಮ್ಮಿ ಇಲ್ಲವೆಂದು ಒಪ್ಪಿದ್ದೇನೆ.

ಸ್ಥಳ: ಪೇಟೆ ಠಾಣೆ
ದಿನ: ಶನಿವಾರ, ಮಧ್ಯಾಹ್ನ
ಸಹಿ: ಬೀಗದಣ್ಣ