ಸೊಪ್ಪಿನ ಬುಟ್ಟಿಯಲ್ಲಿದ್ದ ಹಳೆಯ ನಾಣ್ಯಗಳು

ಓಣಿಯ ಹಿರಿಯರೇ, ಎರಕಶಾಲೆಯ ಗೆಳೆಯರೇ, ಅತ್ತಿಗೆ, ನಿಮ್ಮ ಮಗಳು ಝಿ — ಎಲ್ಲರಿಗೂ ತಲೆಬಾಗುತ್ತೇನೆ. ಹತ್ತಿರ ಬನ್ನಿ. ಮೆಲ್ಲಗೆ ಮಾತಾಡುತ್ತೇನೆ.

ಲುವಾನ್ ಪಿಂಗನ ದೇಹ ಬರಲಿಲ್ಲ. ಗಡಿಯ ದಾರಿಯಲ್ಲೆಲ್ಲೋ ಹೂತರಂತೆ. ಅದಕ್ಕೇ ಅವನ ಈ ಅಂಗಿ — ಇದನ್ನು ಹಿಡಿದು ಬೆಳಿಗ್ಗೆ ಮಾಡಿನ ಮೇಲೆ ನಿಂತು, ಅವನ ಆತ್ಮ ಮನೆಗೆ ಮರಳಲೆಂದು ಮೆಲ್ಲಗೆ ಅವನ ಹೆಸರು ಕೂಗಿದೆವು. ಗಟ್ಟಿಯಾಗಿ ಕೂಗುವ ಕಾಲವಲ್ಲ ಇದು.

ಲುವಾನ್ ಪಿಂಗ್ ಮತ್ತು ನಾನು ಒಂದೇ ಕುಲುಮೆಯ ಮುಂದೆ ಮುದುಕರಾದವರು. ಅವನು ಕರಗಿದ ಕಂಚನ್ನು ಅಚ್ಚಿಗೆ ಎರೆಯುತ್ತಿದ್ದ, ನಾನು ಅಂಚು ಉಜ್ಜುತ್ತಿದ್ದೆ. ಈ ಚಾಂಗ್‌ಆನ್ ಪೇಟೆಯಲ್ಲಿ ನೀವು ಉಪ್ಪಿಗೆ, ಎಣ್ಣೆಗೆ, ಸೊಪ್ಪಿಗೆ ಕೊಟ್ಟ ತೂತಿನ ನಾಣ್ಯಗಳು ನಮ್ಮ ಕೈಯಿಂದಲೇ ಬಂದವು. ಆಮೇಲೆ ಸಿಂಹಾಸನ ಬದಲಾಯಿತು. ಹಳೆಯದನ್ನು ಕರಗಿಸಿ, ಒಂದಕ್ಕೇ ಹಳೆಯ ಐವತ್ತರ ಬೆಲೆಯಿರುವ ಹೊಸದನ್ನು ಎರೆಯಿರಿ ಎಂದು ಅಪ್ಪಣೆ ಬಂತು. ಹಳೆಯದು ಯಾರ ಬಳಿ ಸಿಕ್ಕರೂ ಗಡಿಗೆ ಅಟ್ಟುವ ಶಿಕ್ಷೆ.

ಐವತ್ತರ ನಾಣ್ಯ ಹಿಡಿದು ಒಂದು ಕಟ್ಟು ಸೊಪ್ಪು ಕೊಳ್ಳುವುದು ಹೇಗೆ? ಸೊಪ್ಪು ಮಾರುವ ಮೀ ಅಜ್ಜಿ ಅದನ್ನು ಹೀಗೆ ತಿರುಗಿಸಿ ನೋಡಿ ಅಂದಿದ್ದರು: "ಇದಕ್ಕೆ ಚಿಲ್ಲರೆ ಎಲ್ಲಿಂದ ತರ್ಲಪ್ಪಾ? ಬುಟ್ಟೀನೂ ತಗೊ, ನನ್ನನ್ನೂ ಎತ್ಕೊಂಡು ಹೋಗು!" ಎಲ್ಲರೂ ನಕ್ಕೆವು. ಗುಟ್ಟಾಗಿ ಹಳೆಯದರಲ್ಲೇ ವ್ಯಾಪಾರ ನಡೆಯಿತು.

ಅತ್ತಿಗೆ, ಈಗ ಹೇಳುವುದು ನಿಮಗೆ. ಪಿಂಗ್ ಹೆಂಡತಿಗೂ ಹೇಳದೆ ಹಳೆಯ ನಾಣ್ಯ ಬಚ್ಚಿಟ್ಟಿದ್ದ ಎಂದು ಓಣಿ ಆಡಿಕೊಂಡಿತು. ನೀವೂ ನಂಬಿದಿರಿ. ನಾನು ಅಲ್ಲಿದ್ದೆ. ಪೇಟೆಯ ಅಧಿಕಾರಿ ಅಜ್ಜಿಯ ಬುಟ್ಟಿಯನ್ನು ಒದ್ದ. ಸೊಪ್ಪಿನಡಿಯಿಂದ ದಾರಕ್ಕೆ ಪೋಣಿಸಿದ ನಾಣ್ಯಗಳು — ಹೀಗೆ — ಅವನ ಕಾಲ ಬಳಿಯೇ ಬಿದ್ದವು.

"ಯಾರದಿದು?"

ಅಜ್ಜಿ ಬಾಯಿ ತೆರೆಯುವ ಮೊದಲೇ ಪಿಂಗ್ ಮುಂದೆ ಬಂದ.

"ನಂದು ಸ್ವಾಮಿ. ಈಗಷ್ಟೇ ಅಲ್ಲಿ ತುರುಕಿದೆ. ಮುದುಕಿಗೆ ಕಣ್ಣೇ ಸರಿಯಾಗಿ ಕಾಣಲ್ಲ, ಅದಕ್ಕೇನು ಗೊತ್ತು?"

"ನೀನು ಎರಕಶಾಲೆಯವನಲ್ವೇನೋ?"

"ಹೌದು ಸ್ವಾಮಿ."

ಅಷ್ಟೇ. ಕೈ ಕಟ್ಟಿದರು. ನಾನು ಅವನ ತೋಳು ಹಿಡಿದೆ. "ಬಿಡೋ," ಅಂದ, "ಅಜ್ಜಿ ಆದ್ರೆ ಆ ದಾರೀಲೇ ಸಾಯ್ತಾರೆ. ನಾನಾದ್ರೆ ನಡ್ಕೊಂಡು ಹೋಗಿ ನಡ್ಕೊಂಡು ಬರ್ತೀನಿ."

ಬರಲಿಲ್ಲ.

ಅತ್ತಿಗೆ, ಅವನು ನಿಮ್ಮಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ.

ನಿನ್ನೆ ಆ ಅಧಿಕಾರಿ ಎರಕಶಾಲೆಗೆ ಬಂದ. "ಆ ಸೊಪ್ಪಿನ ಮುದುಕಿ ಎಲ್ಲಿ?" ಎಂದು ಒಬ್ಬೊಬ್ಬರನ್ನೇ ಕೇಳಿದ. ಆ ನಾಣ್ಯ ಅಜ್ಜಿಯದೆಂದು ಯಾರೋ ಬಾಯಿ ಬಿಟ್ಟಿದ್ದಾರೆ. ಯಾರೆಂದು ನಾನು ಕೇಳುವುದಿಲ್ಲ — ಇವತ್ತು ಬೇಡ. ಈಗ ಪಕ್ಕದ ಮನೆಯ ಬಾಗಿಲು ಬಡಿದ ಸದ್ದು ನಿಮಗೂ ಕೇಳಿಸಿತು. ಮೀ ಅಜ್ಜಿ, ಏಳಿ. ಝಿ, ಅವರನ್ನು ಹಿತ್ತಲಿಂದ ಕರೆದುಕೊಂಡು ಹೋಗಮ್ಮ. ಓಡಬೇಡಿ, ನಡೆಯಿರಿ.

ಉಳಿದವರೆಲ್ಲ ಎದ್ದು ನಿಲ್ಲಿ. ಲುವಾನ್ ಪಿಂಗನಿಗಾಗಿ ತಲೆ ತಗ್ಗಿಸಿ ಮೌನವಾಗಿರೋಣ. ಯಾರೇ ಒಳಗೆ ಬರಲಿ, ಏನೇ ಕೇಳಲಿ — ಈ ಮೌನ ಮುರಿಯಬೇಡಿ.