ಹತ್ತು ತೊಟ್ಟು ಎಣ್ಣೆ

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಅವನು ಎರವಲು ತಂದಿದ್ದ ಸೋಲ್ಡರಿಂಗ್ ಐರನ್ನನ್ನು ಚೀಲಕ್ಕೆ ಹಾಕಿಕೊಂಡು ಅವಳು ಆಟದ ರೈಲುಗಳ ರಿಪೇರಿ ಅಂಗಡಿಗೆ ಹೋದಳು. ಅವಳ ಮುಂದೆ ನಿಂತಿದ್ದ ಹಲ್ಲಿನ ಡಾಕ್ಟರು ಗೇಣುದ್ದದ ಉಗಿ ಎಂಜಿನ್ನೊಂದನ್ನು ಮೇಜಿನ ಮೇಲೆ ಕುಕ್ಕಿದರು. ಅವಳ ಗಂಡ ಕೊನೆಯದಾಗಿ ರಿಪೇರಿ ಮಾಡಿದ್ದು ಅದನ್ನೇ.

“ನಿಮ್ಮ ಶಿಷ್ಯನ ಕೈಚಳಕ ನೋಡಿ ಯಜಮಾನ್ರೇ. ರೈಲು ಓಡುತ್ತೆ, ಸಿಗರೇಟಿನಷ್ಟೂ ಹೊಗೆ ಬರಲ್ಲ.”

“ಹೌದಾ?”

“ಕೈಲಾಗದೋನು. ಫೋನೂ ಎತ್ತಲ್ಲ, ತಲೆ ಮರೆಸ್ಕೊಂಡಿದಾನೆ.”

“ನನ್ನ ಸೋಲ್ಡರಿಂಗ್ ಐರನ್ನೂ ಅವನ ಹತ್ರಾನೇ ಇದೆ, ಪುಣ್ಯಾತ್ಮ.”

ಅಂಗಡಿಯ ಮುದುಕ ಎಂಜಿನ್ ಬಿಚ್ಚಿ ಭೂತಗನ್ನಡಿ ಹಿಡಿದ.

“ಕೆಡಿಸಿದಾನೆ ಅಲ್ವಾ?”

“ಬೆಸುಗೆ ಮುತ್ತಿನ ಹಾಗಿದೆ. ಹೊಗೆ ಬರ್ಸೋ ಎಣ್ಣೆ ಎಷ್ಟು ಹಾಕಿದ್ರಿ?”

“ಚೆನ್ನಾಗಿ ಬರ್ಲಿ ಅಂತ ಕಂಠಪೂರ್ತಿ.”

“ಬತ್ತಿ ಮುಳುಗಿಹೋದ್ರೆ ಹೊಗೆ ಎಲ್ಲಿಂದ ಬರುತ್ತೆ ಡಾಕ್ಟ್ರೇ? ರೋಗಿಗಳ ಬಾಯಿಗೂ ಹೀಗೇ ಸುರೀತೀರಾ?”

“ಅವನು ಹೇಳ್ಬೇಕಿತ್ತು.”

“ಹೇಳ್ಲಿಲ್ವಾ?”

“ಏನೋ ಹತ್ತೇ ತೊಟ್ಟು ಅಂದ. ಅಂಥೋನ ಮಾತು ಯಾರು ಕೇಳ್ತಾರೆ!”

ಮುದುಕ ಎಂಜಿನ್ನನ್ನು ಬೋರಲು ಹಾಕಿ ಎಣ್ಣೆ ಬಸಿದು ಹಳಿಯ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಕೊಳವೆಯಿಂದ ಬಿಳಿ ಹೊಗೆ ಎದ್ದಿತು. ಡಾಕ್ಟರು ಎಂಜಿನ್ನನ್ನು ಬಗಲಲ್ಲಿ ಇರುಕಿಕೊಂಡರು.

“ಇದನ್ನ ಅವನಿಗೆ ಹೇಳ್ಬೇಡಿ ಮತ್ತೆ,” ಎಂದು ಹೊರಟುಹೋದರು.

“ಹೇಳೋಕೆ ಅವರಿಲ್ಲ ಅಜ್ಜಾ,” ಎಂದು ಅವಳು ಸೋಲ್ಡರಿಂಗ್ ಐರನ್ನನ್ನು ಮೇಜಿನ ಮೇಲಿಟ್ಟಳು. ಅದರ ತುದಿಯಲ್ಲಿ ಅವನು ಬಿಟ್ಟಿದ್ದ ಸೀಸದ ಹನಿ ಹಾಗೆಯೇ ಇತ್ತು.